ಘಟ್ಟದ ಮೇಲಿನವರು ಕಡಲ ಫೋಟೋ ಯಾಕೆ ತೆಗೀಬೇಕು?

ಪ್ರಶ್ನೆ: ನಮಸ್ತೆ ಮೇಡಂ. ನಾನು ಮೂಡಿಗೆರೆ ಹತ್ರದ ಹಳ್ಳಿಯವಳು, ಚಿಕ್ಕಮಗಳೂರಲ್ಲಿ ಬಿಎಸ್ಸಿ ಕೊನೇ ವರ್ಷ ಓದ್ತಿದ್ದೀನಿ. ಹಾಸನದಲ್ಲಿ ನಿಮ್ಮ ಕಡಲ ತೀರದ ಫೋಟೋ ಪ್ರದರ್ಶನ ನೋಡಿದೆ. ನೀವು ಸಮುದ್ರ ವಿಜ್ಞಾನಿ ಆಗಿದ್ದವರು ಲ್ಯಾಬ್ ಬಿಟ್ಟು ಕ್ಯಾಮೆರಾ ಯಾಕೆ ಹಿಡಿದ್ರಿ? ಫೋಟೋದಿಂದ ನಿಜವಾಗ್ಲೂ ತೀರ ಉಳಿಯುತ್ತಾ? ನನಗೂ ಇದೇ ಕೆಲಸ ಮಾಡೋ ಆಸೆ ಇದೆ, ಆದ್ರೆ ಅಪ್ಪ "ಘಟ್ಟದ ಮೇಲೆ ಕೂತ್ಕೊಂಡು ಕಡಲಿನ ಚಿಂತೆ ನಿನಗ್ಯಾಕೆ" ಅಂತಾರೆ. ಎಲ್ಲಿಂದ ಶುರು ಮಾಡ್ಲಿ, ಯಾವ ಕ್ಯಾಮೆರಾ ತಗೊಳ್ಲಿ?

ಉತ್ತರ: ನೀನು ಅಂತಾನೇ ಕರೀತೀನಿ ಕಣಮ್ಮ, ನನ್ನ ತಂಗಿ ಮಗಳ ವಯಸ್ಸು ನಿಂದು. ಮೊದಲು ನಿಮ್ಮಪ್ಪನ ಪ್ರಶ್ನೆಗೆ ಬರ್ತೀನಿ, ಯಾಕಂದ್ರೆ ನಾನು ಕಡಲ ಮಣ್ಣು ಮರಳು ಓದೋಕೆ ಮಂಗಳೂರಿಗೆ ಹೊರಟಾಗ ನಮ್ಮಪ್ಪನೂ ಸಕಲೇಶಪುರದ ತೋಟದಲ್ಲಿ ನಿಂತು ಹೆಚ್ಚುಕಡಿಮೆ ಇದೇ ಮಾತು ಕೇಳಿದ್ರು. ಆಗ ನನ್ನ ಹತ್ರ ಉತ್ತರ ಇರ್ಲಿಲ್ಲ, ಈಗ ಇದೆ.

ನಿಮ್ಮೂರಲ್ಲಿ ಬೀಳೋ ಮಳೆ ಎಲ್ಲಿಗೆ ಹೋಗುತ್ತೆ ಅಂತ ಒಂದ್ಸಲ ಯೋಚನೆ ಮಾಡು. ಜಾವಳಿ ಕಡೆ ಬಿದ್ದಿದ್ದು ಹೇಮಾವತಿ ಆಗಿ ಸಕಲೇಶಪುರ, ಗೊರೂರು ದಾಟಿ, ಕೆಆರ್‌ಎಸ್‌ನಲ್ಲಿ ಕಾವೇರಿ ಸೇರಿ, ತಮಿಳುನಾಡಿನ ಪೂಂಪುಹಾರ್ ಹತ್ರ ಬಂಗಾಳ ಕೊಲ್ಲಿಗೆ ಹೋಗುತ್ತೆ. ಅಲ್ಲೇ ಸ್ವಲ್ಪ ಆಚೆ, ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಇಳಿಜಾರಿಗೆ ಬಿದ್ದಿದ್ದು ಸಣ್ಣ ಸಣ್ಣ ಝರಿಯಾಗಿ ನೇತ್ರಾವತಿ ಸೇರಿ ಮಂಗಳೂರಲ್ಲಿ ಅರಬ್ಬೀ ಸಮುದ್ರಕ್ಕೆ ಹೋಗುತ್ತೆ. ಒಂದೇ ಮೋಡ, ಒಂದೇ ರಾತ್ರಿ ಮಳೆ, ಎರಡು ಕಡಲು. ನಮ್ಮ ಕಡೆ ಎತ್ತಿನಹೊಳೆ, ಕೆಂಪುಹೊಳೆಗಳೂ ಹಾಗೇನೇ, ಗುಂಡ್ಯ ಹೊಳೆಗೆ ಬಿದ್ದು, ಕುಮಾರಧಾರಾ ಜೊತೆಯಾಗಿ, ಉಪ್ಪಿನಂಗಡಿಯಲ್ಲಿ ನೇತ್ರಾವತಿ ಸೇರ್ತಾವೆ. ಇನ್ನು ನೇತ್ರಾವತಿ ಹುಟ್ಟೋದೇ ನಿಮ್ಮ ಜಿಲ್ಲೆಯ ಕುದುರೆಮುಖದ ಗುಡ್ಡಗಳಲ್ಲಿ.

ನೀರಷ್ಟೇ ಹೋಗಲ್ಲ, ಮರಳೂ ಹೋಗುತ್ತೆ. ನಾವು ಉಳ್ಳಾಲದಲ್ಲೋ ಸೋಮೇಶ್ವರದಲ್ಲೋ ಚಪ್ಪಲಿ ಬಿಟ್ಟು ನಡೆಯೋ ಮರಳು ಬಹುಪಾಲು ಸಮುದ್ರ ತಯಾರು ಮಾಡಿದ್ದಲ್ಲ, ಘಟ್ಟದ ಬಂಡೆ ಸಾವಿರಾರು ವರ್ಷ ಬಿಸಿಲು ಮಳೆಗೆ ಸವೆದು ಹೊಳೇಲಿ ಉರುಳಿ ಹೋಗಿದ್ದು. ಆ ಮರಳಲ್ಲಿ ಒಂದು ಮ್ಯಾಗ್ನೆಟ್ ಆಡಿಸಿ ನೋಡು, ಕಪ್ಪು ಹರಳು ಅಂಟ್ಕೊಂಡು ಬರುತ್ತೆ, ಅದು ಬಂಡೆಯ ಕಬ್ಬಿಣದ ಖನಿಜ. ಕೆಲಸಕ್ಕೆ ಸೇರಿದ ಮೊದಲನೇ ವರ್ಷ ನಾನು ಸೂಕ್ಷ್ಮದರ್ಶಕದ ಕೆಳಗೆ ಆ ಹರಳು ನೋಡ್ತಾ ಇದ್ದಾಗ ನಮ್ಮ ಮನೆ ಹಿಂದಿನ ತೊರೆ ನೆನಪಾಗಿ ಸುಮ್ಮನೆ ಕೂತ್ಬಿಟ್ಟಿದ್ದೆ. ಅವತ್ತಿಂದ ನನಗೆ ಘಟ್ಟ ಬೇರೆ ಕಡಲು ಬೇರೆ ಅನ್ನಿಸಿಲ್ಲ. ಹೊಳೇಲಿ ಮರಳು ಎತ್ತಿದ್ರೆ, ಅಡ್ಡ ಕಟ್ಟೆ ಕಟ್ಟಿ ಮರಳು ಹಿಡಿದ್ರೆ, ಕೆಳಗೆ ತೀರಕ್ಕೆ ಬರಬೇಕಾದ ಪಾಲು ಕಮ್ಮಿ ಆಗುತ್ತೆ, ಕಡಲು ಮಾತ್ರ ತನ್ನ ಅಲೆ ಕಮ್ಮಿ ಮಾಡ್ಕೊಳ್ಳಲ್ಲ. ನಿಮ್ಮಪ್ಪನಿಗೆ ಇಷ್ಟು ಹೇಳು ಸಾಕು.

ಈಗ ಕ್ಯಾಮೆರಾ ವಿಷಯ. ನಾನು ಹದಿನಾಲ್ಕು ವರ್ಷ ಮಾಡಿದ ಕೆಲಸ ಅಂದ್ರೆ ಬೀಚ್ ಪ್ರೊಫೈಲ್. ಒಂದು ಗಟ್ಟಿ ಗುರುತಿನಿಂದ ನೀರಿನ ಅಂಚಿನವರೆಗೆ ಹಗ್ಗ ಕೋಲು ಹಿಡ್ಕೊಂಡು ಮರಳು ಎಲ್ಲಿ ಎಷ್ಟು ಎತ್ತರ ಇದೆ ಅಂತ ತಿಂಗಳು ತಿಂಗಳು ಅಳೆಯೋದು. ಅಳೆದು ಗ್ರಾಫ್ ಮಾಡಿ ಪೇಪರ್ ಬರೀತಿದ್ವಿ, ಪೇಪರ್‌ನ ನಮ್ಮಂಥವರೇ ಹತ್ತಿಪ್ಪತ್ತು ಜನ ಓದ್ತಿದ್ರು. ಒಂದ್ಸಲ ಒಂದು ಸಭೆಯಲ್ಲಿ ಮೀನುಗಾರರು, ಪಂಚಾಯ್ತಿಯವರು, ಅಧಿಕಾರಿಗಳು ಎಲ್ರೂ ಇದ್ರು, ನಾನು ಇಪ್ಪತ್ತು ನಿಮಿಷ ಗ್ರಾಫ್ ತೋರಿಸಿದೆ, ಯಾರೂ ಒಂದು ಪ್ರಶ್ನೆ ಕೇಳಲಿಲ್ಲ, ಚಹಾ ಬಂತು, ಎದ್ದು ಹೋದ್ರು. ತಪ್ಪು ಅವರದ್ದಲ್ಲ, ಗೆರೆ ಕೆಳಗೆ ಬಂದ್ರೆ ಮರಳು ಹೋಗಿದೆ ಅಂತ ಅರ್ಥ ಆಗೋಕೆ ಅದೇ ಭಾಷೆ ಕಲಿತಿರಬೇಕು.

ಅದೇ ದಿನ ಸಂಜೆ ಸಭೆಗೆ ಬಂದಿದ್ದ ಒಬ್ಬ ಮೀನು ಮಾರೋ ಅಮ್ಮ, ಎಪ್ಪತ್ತರ ಮೇಲಿನ ವಯಸ್ಸು, ನನ್ನ ಕೈ ಹಿಡ್ಕೊಂಡು ಮನೆಗೆ ಕರ್ಕೊಂಡು ಹೋದ್ರು. ಒಳಗಿಂದ ಒಂದು ಮದುವೆ ಆಲ್ಬಂ ತಂದ್ರು, ಅವರ ಮಗಳದ್ದು. ಅದ್ರಲ್ಲಿ ಒಂದು ಫೋಟೋದಲ್ಲಿ ನೆಂಟರೆಲ್ಲ ಒಂದು ಬಾವಿ ಕಟ್ಟೆ ಸುತ್ತ ನಿಂತಿದ್ದಾರೆ, ಹಿಂದೆ ಎರಡು ಸಾಲು ತೆಂಗಿನಮರ, ಅದರ ಹಿಂದೆ ಬೂತಾಯಿ ಮೀನು ಒಣಹಾಕಿರೋ ಅಗಲವಾದ ಮರಳು, ಮರಳಿನ ಮೇಲೆ ಎಳೆದಿಟ್ಟ ದೋಣಿ, ಆಮೇಲೆ ಎಲ್ಲೋ ದೂರದಲ್ಲಿ ಕಡಲು. ಆಮೇಲೆ ಹಿತ್ತಲ ಬಾಗಿಲು ತೆಗೆದು ತೋರಿಸಿದ್ರು. ಬಾವಿ ಕಟ್ಟೆಯ ಸಿಮೆಂಟ್ ಬಳೆ ಅಲೆ ಮಧ್ಯ ವಾರೆಯಾಗಿ ನಿಂತಿತ್ತು, ಪ್ರತಿ ಅಲೆ ಅದರೊಳಗೆ ನುಗ್ಗಿ ಹೊರಗೆ ಉಕ್ತಾ ಇತ್ತು. ತೆಂಗಿನಮರ ಒಂದೂ ಇರ್ಲಿಲ್ಲ. ಅವರು ಏನೂ ಹೇಳ್ಲಿಲ್ಲ, ಆಲ್ಬಂ ಮಡಚಿ ಒಳಗಿಟ್ರು.

ನಾನು ಮಾರನೇ ದಿನ ವಾಪಸ್ ಹೋಗಿ ಆ ಆಲ್ಬಂ ಫೋಟೋದ ಕಾಪಿ ಕೇಳಿ ತಗೊಂಡು, ಫೋಟೋಗ್ರಾಫರ್ ಎಲ್ಲಿ ನಿಂತಿರಬಹುದು ಅಂತ ಮನೆಯ ಮೂಲೆ, ಬಾವಿ, ದೂರದ ಗುಡ್ಡದ ಗೆರೆ ಇಟ್ಕೊಂಡು ಲೆಕ್ಕ ಹಾಕಿ, ಅದೇ ಜಾಗದಿಂದ ಒಂದು ಫೋಟೋ ತೆಗೆದೆ. ಮುಂದಿನ ಸಭೆಯಲ್ಲಿ ಆ ಎರಡು ಫೋಟೋ ಪಕ್ಕಪಕ್ಕ ಹಾಕಿದೆ, ಮಾತಾಡೋಕೆ ಮುಂಚೇನೇ ಒಬ್ಬ ಅಧಿಕಾರಿ "ಇದು ಎಷ್ಟು ವರ್ಷದಲ್ಲಿ ಆಗಿದ್ದು" ಅಂತ ಕೇಳಿದ್ರು. ಆಗ ನನ್ನ ಗ್ರಾಫ್ ತೆಗೆದೆ, ಆಗ ಎಲ್ರೂ ನೋಡಿದ್ರು. ನಾನು ಕ್ಯಾಮೆರಾ ಹಿಡಿದಿದ್ದು ಇದಕ್ಕೆ. ವಿಜ್ಞಾನ ಬಿಟ್ಟಿಲ್ಲ ಕಣಮ್ಮ, ಅದು ಜನರ ಒಳಗೆ ಹೋಗೋಕೆ ಒಂದು ಬಾಗಿಲು ಹುಡುಕಿದ್ದು ಅಷ್ಟೇ.

ಈ ದಾರಿ ನಾನೊಬ್ಬಳೇ ಹಿಡಿದಿದ್ದೂ ಅಲ್ಲ. ಮೆಕ್ಸಿಕೋದ ಕ್ರಿಸ್ಟಿನಾ ಮಿಟ್ಟರ್‌ಮೈಯರ್ ಸಮುದ್ರ ಜೀವಶಾಸ್ತ್ರ ಓದಿದವರು, 2005ರಲ್ಲಿ ಸಂರಕ್ಷಣೆಗಾಗಿ ಫೋಟೋ ತೆಗೆಯೋರದ್ದೇ ಒಂದು ಅಂತಾರಾಷ್ಟ್ರೀಯ ಕೂಟ ಕಟ್ಟಿದ್ರು. ಥಾಮಸ್ ಪೆಶ್ಚಾಕ್ ಕೂಡ ಸಮುದ್ರ ಜೀವಶಾಸ್ತ್ರದಿಂದಲೇ ಫೋಟೋಗ್ರಫಿಗೆ ಬಂದವರು. ಅವರ ಚಿತ್ರ ನೋಡು, ತಿಮಿಂಗಿಲ ಶಾರ್ಕ್ ಎಲ್ಲ ಕಣ್ಣು ತುಂಬುತ್ತೆ, ಆದ್ರೆ ನಿನಗೆ ಅಂಥದ್ದು ಸಿಗ್ಲಿಲ್ಲ ಅಂತ ಬೇಜಾರಾಗ್ಬೇಡ, ನಮ್ಮ ಸುಮಾರು ಮುನ್ನೂರು ಕಿಲೋಮೀಟರ್ ಕರಾವಳಿಯಲ್ಲಿ ಹೇಳೋ ಕಥೆ ಬೇರೆ ಥರದ್ದು.

ಫೋಟೋದಿಂದ ತೀರ ಉಳಿಯುತ್ತಾ ಅಂತ ಕೇಳಿದ್ದೀಯ. ಫೋಟೋ ಒಂದೇ ಉಳಿಸಲ್ಲ, ಅದು ಸುಳ್ಳಾಗಿದ್ರೆ ಇನ್ನೂ ಹಾಳು ಮಾಡುತ್ತೆ. ಇಲ್ಲಿ ಸ್ವಲ್ಪ ನಿಧಾನವಾಗಿ ಓದು, ಯಾಕಂದ್ರೆ ಇದನ್ನ ನಾನು ತಪ್ಪು ಮಾಡಿ ಕಲಿತಿದ್ದು. ಶುರುವಿನಲ್ಲಿ ಒಂದು ಜೋಡಿ ಫೋಟೋ ಹಾಕಿದ್ದೆ, ಹಳೇದು ಫೆಬ್ರವರಿಯದ್ದು, ಹೊಸದು ಆಗಸ್ಟ್ ತಿಂಗಳದ್ದು. ಹೊಸದರಲ್ಲಿ ಮರಳೇ ಇಲ್ಲ, ಜನ ತುಂಬಾ ಶೇರ್ ಮಾಡಿದ್ರು. ಒಬ್ಬ ಮೀನುಗಾರರು ಫೋನ್ ಮಾಡಿ, "ಮೇಡಂ, ನೀವು ತೋರಿಸಿದ್ದು ಆಟಿಯ (ತುಳುವರ ಮಳೆಗಾಲದ ತಿಂಗಳು) ಕಡಲು, ಆಟಿಯಲ್ಲಿ ಮರಳು ಇರೋದಿಲ್ಲ, ದೀಪಾವಳಿ ಕಳೆದ ಮೇಲೆ ಬನ್ನಿ" ಅಂದ್ರು. ಹೋದೆ, ಮುಕ್ಕಾಲು ಪಾಲು ಮರಳು ವಾಪಸ್ ಬಂದಿತ್ತು. ವಿಜ್ಞಾನಿಯಾಗಿ ನನಗೆ ಗೊತ್ತಿದ್ದ ವಿಷಯ ಅದು. ಮಳೆಗಾಲದ ದೊಡ್ಡ ಅಲೆ ದಡದ ಮರಳನ್ನ ಎಳ್ಕೊಂಡು ಹೋಗಿ ಸ್ವಲ್ಪ ಆಳದಲ್ಲಿ ದಿಬ್ಬ ಮಾಡಿ ಇಡುತ್ತೆ, ಮಳೆ ನಿಂತು ಕಡಲು ಶಾಂತ ಆದ್ಮೇಲೆ ಸಣ್ಣ ಅಲೆಗಳು ಅದನ್ನ ನಿಧಾನಕ್ಕೆ ದಡಕ್ಕೆ ತಂದು ಹಾಕ್ತವೆ, ಪ್ರತಿ ವರ್ಷ ನಡೆಯೋ ಉಸಿರಾಟ ಅದು. ಅದನ್ನೇ ನಾಶ ಅಂತ ತೋರಿಸಿದ್ದೆ. ಆ ಫೋಟೋ ತೆಗೆದುಹಾಕಿ, ಯಾಕೆ ತಪ್ಪು ಅಂತ ಬರೆದು ಹಾಕಿದೆ.

ಹಾಗಾಗಿ ಫೆಬ್ರವರಿಯನ್ನ ಫೆಬ್ರವರಿ ಜೊತೆಗೇ ಹೋಲಿಸಬೇಕು. ಅಷ್ಟೇ ಸಾಲಲ್ಲ, ಉಬ್ಬರ ಇಳಿತ ನೋಡ್ಬೇಕು. ಹುಣ್ಣಿಮೆ ಅಮಾವಾಸ್ಯೆ ಹೊತ್ತಿಗೆ ಉಬ್ಬರ ಜಾಸ್ತಿ, ಇಳಿತವೂ ಜಾಸ್ತಿ, ನಡುವಿನ ಅಷ್ಟಮಿ ಹೊತ್ತಿಗೆ ಎರಡೂ ಕಮ್ಮಿ. ಚಪ್ಪಟೆ ಬೀಚಲ್ಲಿ ನೀರು ಒಂದು ಮೀಟರ್ ಏರಿದ್ರೆ ನೀರಿನ ಅಂಚು ಹತ್ತಾರು ಮೀಟರ್ ಒಳಗೆ ಬರುತ್ತೆ, ಅಂದ್ರೆ ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು ಫೋಟೋ ತೆಗೆದು "ನೋಡಿ ಕಡಲು ಬೀಚ್ ನುಂಗಿತು" ಅಂತ ಯಾರ್ ಬೇಕಾದ್ರೂ ತೋರಿಸ್ಬಹುದು. ಅದಕ್ಕೆ ನಾನು ಪ್ರತಿ ಫೋಟೋ ಕೆಳಗೆ ದಿನ, ಗಂಟೆ, ನಿಂತ ಜಾಗ, ಯಾವ ದಿಕ್ಕು, ಉಬ್ಬರವೋ ಇಳಿತವೋ ಅಂತ ಬರೀತೀನಿ. ನೀರಿನ ಅಂಚನ್ನ ನಂಬೋದಕ್ಕಿಂತ ಅಡುಂಬು ಬಳ್ಳಿ ಎಲ್ಲಿ ನಿಂತಿದೆ ಅಂತ ನೋಡು, ಆ ನೇರಳೆ ಹೂವಿನ ಬಳ್ಳಿ ಮರಳು ದಿಬ್ಬ ಹಿಡ್ಕೊಂಡು ಬೆಳೆಯುತ್ತೆ, ಅದರ ಅಂಚು ಒಂದೇ ದಿನದಲ್ಲಿ ಹಿಂದೆ ಮುಂದೆ ಹೋಗಲ್ಲ, ಅದು ವರ್ಷದಿಂದ ವರ್ಷಕ್ಕೆ ಹಿಂದೆ ಸರೀತಿದ್ರೆ ಆಗ ಚಿಂತೆ ಮಾಡ್ಬೇಕು.

ಇದೇ ಶಿಸ್ತನ್ನ ಜನರ ಕೈಗೇ ಕೊಟ್ಟಿರೋ ಒಂದು ಒಳ್ಳೆ ಕೆಲಸ ಇದೆ, ಕೋಸ್ಟ್‌ಸ್ನ್ಯಾಪ್ ಅಂತ, 2017ರಲ್ಲಿ ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಶುರುವಾಗಿದ್ದು. ಬೀಚ್ ಕಾಣೋ ಎತ್ತರದಲ್ಲಿ ಮೊಬೈಲ್ ಇಡೋಕೆ ಒಂದು ಸ್ಟೀಲ್ ತೊಟ್ಟಿಲು ಕೂರಿಸಿರ್ತಾರೆ, ಹೋಗಿ ಬರೋರು ಯಾರಾದ್ರೂ ಅದರಲ್ಲಿ ಫೋನ್ ಇಟ್ಟು ಕ್ಲಿಕ್ ಮಾಡಿ ಕಳಿಸಿದ್ರೆ, ಎಲ್ಲ ಫೋಟೋ ಒಂದೇ ಕೋನದ್ದಾದ್ದರಿಂದ ವಿಜ್ಞಾನಿಗಳು ಅದರಿಂದ ತೀರದ ಗೆರೆ ಅಳೀತಾರೆ. ನೋಡು, ಇಲ್ಲಿ ಕ್ಯಾಮೆರಾ ಎಷ್ಟು ದುಬಾರಿ ಅನ್ನೋದು ಲೆಕ್ಕಕ್ಕೇ ಇಲ್ಲ, ಜಾಗ ಅಲ್ಲಾಡಬಾರದು ಅಷ್ಟೇ. ಜೊತೆಗೆ ಉಪಗ್ರಹ ಚಿತ್ರಗಳಿವೆ, ಅಮೆರಿಕದ ಲ್ಯಾಂಡ್‌ಸ್ಯಾಟ್ 1972ರಿಂದ ಭೂಮಿ ಫೋಟೋ ತೆಗೀತಾ ಇದೆ, ಯುರೋಪಿನ ಸೆಂಟಿನೆಲ್-2 2015ರಿಂದ ಹತ್ತು ಮೀಟರ್ ಸ್ಪಷ್ಟತೆಯಲ್ಲಿ ಕೊಡುತ್ತೆ, ಎರಡೂ ಫ್ರೀ. ಮೇಲಿಂದ ಉಪಗ್ರಹ, ಕೆಳಗಿಂದ ನಿನ್ನ ಫೋಟೋ, ಎರಡೂ ಒಂದೇ ಮಾತು ಹೇಳಿದ್ರೆ ಯಾರೂ ತಳ್ಳಿಹಾಕೋಕಾಗಲ್ಲ.

ಏನನ್ನ ಫೋಟೋ ತೆಗೀಬೇಕು ಅನ್ನೋದು ಇನ್ನೊಂದು. ಸೂರ್ಯಾಸ್ತ ಎಲ್ರೂ ತೆಗೀತಾರೆ, ನೀನೂ ತೆಗಿ, ಕಡಲ ಮೇಲೆ ಪ್ರೀತಿ ಬರೋದೇ ಅಲ್ಲಿಂದ. ಆದ್ರೆ ಕಲ್ಲಿನ ತಡೆಗೋಡೆ ಎಲ್ಲಿ ಮುಗಿಯುತ್ತೋ ಅಲ್ಲಿ ಹೋಗಿ ನಿಲ್ಲು. ಕಡಲ್ಕೊರೆತಕ್ಕೆ ಅಂತ ಪ್ರತಿ ಮಳೆಗಾಲ ಲಾರಿಗಟ್ಟಲೆ ಕಲ್ಲು ಸುರೀತಾರೆ, ಹಿಂದಿನ ಮನೆಗೆ ಆ ವರ್ಷಕ್ಕೆ ಆಸರೆ ಆಗುತ್ತೆ ನಿಜ, ಮನೆ ಹೋಗ್ತಿರೋರಿಗೆ ಕಲ್ಲು ಬೇಡ ಅನ್ನೋಕೆ ನನ್ನ ಬಾಯಿ ಬರಲ್ಲ. ಆದ್ರೆ ಅಲೆ ಕಲ್ಲಿಗೆ ಹೊಡೆದು ವಾಪಸ್ ಹೋಗೋವಾಗ ಮುಂದಿನ ಮರಳನ್ನ ಕೆರೆದು ತಗೊಂಡು ಹೋಗುತ್ತೆ, ಗೋಡೆ ಮುಗಿಯೋ ಜಾಗದ ಪಕ್ಕದ ಮನೆಗೆ ಕೊರೆತ ಜೋರಾಗುತ್ತೆ. ನದಿ ಕಡಲು ಸೇರೋ ಅಳಿವೆ ಬಾಯಲ್ಲಿ ಬೋಟ್ ಓಡಾಡೋಕೆ ಅಂತ ಕಟ್ಟೋ ಬ್ರೇಕ್‌ವಾಟರ್ ಅನ್ನೋ ಅಲೆ ತಡೆಯೋ ಗೋಡೆಯದ್ದೂ ಇದೇ ಕಥೆ, ದಡದ ಉದ್ದಕ್ಕೂ ಹರಿಯೋ ಮರಳು ಒಂದು ಕಡೆ ಗುಡ್ಡೆ ಆಗುತ್ತೆ, ಇನ್ನೊಂದು ಕಡೆ ಹಸಿವು. ಇದನ್ನ ಗ್ರಾಫಲ್ಲಿ ಹೇಳೋಕೆ ನನಗೆ ನಾಲ್ಕು ಪುಟ ಬೇಕಾಯ್ತು, ಗೋಡೆಯ ಕೊನೇ ಕಲ್ಲು ಮತ್ತು ಅದರ ಪಕ್ಕದ ಬೇರು ಬಿಟ್ಟ ತೆಂಗಿನಮರ ಒಂದೇ ಫ್ರೇಮಲ್ಲಿ ಬಂದ್ರೆ ಮಕ್ಕಳಿಗೂ ಅರ್ಥ ಆಗುತ್ತೆ. ದೇಶದ ಕರಾವಳಿಯ ಸುಮಾರು ಮೂರನೇ ಒಂದು ಭಾಗ ಕೊರೆತಕ್ಕೆ ಸಿಕ್ಕಿದೆ ಅಂತ ಚೆನ್ನೈನ ರಾಷ್ಟ್ರೀಯ ಕರಾವಳಿ ಸಂಶೋಧನಾ ಕೇಂದ್ರದ ಅಧ್ಯಯನ ಹೇಳುತ್ತೆ, ಆ ಮೂರನೇ ಒಂದು ಭಾಗ ಹೇಗಿರುತ್ತೆ ಅಂತ ತೋರಿಸೋ ಕೆಲಸ ನಮ್ಮದು.

ಬರೀ ದುಃಖದ ಫೋಟೋ ತೆಗೀತಾ ಹೋದ್ರೂ ಜನ ಮುಖ ತಿರುಗಿಸ್ತಾರೆ. ಇನ್ನೂ ಚೆನ್ನಾಗಿ ಇರೋದನ್ನೂ ತೋರಿಸು. ಕುಮಟಾ ಹತ್ರ ಅಘನಾಶಿನಿ ಅಳಿವೆಗೆ ಹೋಗು, ದೊಡ್ಡ ಅಣೆಕಟ್ಟು ಇಲ್ಲದೆ ಕಡಲಿಗೆ ಬರೋ ನದಿ ಅದು. ಇಳಿತದ ಹೊತ್ತಿಗೆ ಹೆಂಗಸರು ಸೊಂಟಮಟ್ಟ ನೀರಲ್ಲಿ ನಿಂತು ಬಳಚು ಅನ್ನೋ ಚಿಪ್ಪಿನ ಜೀವಿ ಹೆಕ್ತಾರೆ, ಪಕ್ಕದ ಗಜನಿ ಗದ್ದೆಯಲ್ಲಿ ಉಪ್ಪು ನೀರು ತಡ್ಕೊಳ್ಳೋ ಕಗ್ಗ ಭತ್ತ ಬೆಳೀತಾರೆ, ಸಾಣಿಕಟ್ಟದಲ್ಲಿ ಉಪ್ಪು ಮಾಡ್ತಾರೆ, ದಡದಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಗಿಡ ಬೇರು ಮೇಲಕ್ಕೆ ಚಾಚ್ಕೊಂಡು ನಿಂತಿರ್ತವೆ, ಆ ಬೇರಿನ ಸಂದಿಯಲ್ಲೇ ಮೀನಿನ ಮರಿಗಳು ದೊಡ್ಡದಾಗೋದು. ಮಹತ್ವದ ಜೌಗು ಪ್ರದೇಶಗಳ ಅಂತಾರಾಷ್ಟ್ರೀಯ ರಾಮ್ಸರ್ ಪಟ್ಟಿಗೆ ಅದು ಸೇರಿದ್ದು 2024ರ ಜನವರಿಯಲ್ಲಿ ಪ್ರಕಟವಾಯ್ತು, 4,801 ಹೆಕ್ಟೇರ್. ನಾನು ಅಲ್ಲಿ ತೆಗೆದ ಒಂದು ಫೋಟೋ ಹಾಸನದ ಪ್ರದರ್ಶನದಲ್ಲಿತ್ತು, ಒಬ್ಬ ಅಜ್ಜಿಯ ಅಂಗೈ ತುಂಬ ಬಳಚು, ಉಗುರೆಲ್ಲ ಸವೆದಿರೋದು. ಅದನ್ನ ನೋಡಿ ನಮ್ಮೂರ ಕಾಫಿ ಹಣ್ಣು ಕೊಯ್ಯೋ ಹೆಂಗಸೊಬ್ಬಳು "ಇದು ನನ್ನ ಕೈ ಥರಾನೇ ಇದೆಯಲ್ಲಕ್ಕಾ" ಅಂದಳು. ಅವಳು ಕಡಲು ನೋಡಿದವಳೇ ಅಲ್ಲ.

ಇನ್ನು ಜೀವಿಗಳ ವಿಷಯಕ್ಕೆ ಬಂದ್ರೆ ನಿನ್ನ ಫೋಟೋಗಿಂತ ಅವುಗಳ ಜೀವ ದೊಡ್ಡದು, ಇದ್ರಲ್ಲಿ ರಾಜಿ ಇಲ್ಲ. ಚಳಿಗಾಲದಲ್ಲಿ ಆಲಿವ್ ರಿಡ್ಲಿ ಕಡಲಾಮೆ ಕುಂದಾಪುರದ ಕೋಡಿ, ಹೊನ್ನಾವರ, ಕಾರವಾರದ ಮರಳಿಗೆ ರಾತ್ರಿ ಬಂದು ಒಂದು ಗುಂಡಿಯಲ್ಲಿ ನೂರರ ಆಸುಪಾಸು ಮೊಟ್ಟೆ ಇಟ್ಟು ಹೋಗುತ್ತೆ, ಒಂದೂವರೆ ಎರಡು ತಿಂಗಳಲ್ಲಿ ಮರಿ ಬರ್ತವೆ, ಮರಿಗಳು ಬೆಳಕು ಕಂಡ ಕಡೆ ಓಡ್ತವೆ, ಕಡಲಿನ ಮೇಲಿನ ಮಂದ ಬೆಳಕೇ ಅವಕ್ಕೆ ದಾರಿ. ನೀನು ಫ್ಲಾಶ್ ಹಾಕಿದ್ರೆ, ಮೊಬೈಲ್ ಟಾರ್ಚ್ ಹಿಡಿದ್ರೆ ದಾರಿ ತಪ್ಪಿ ರಸ್ತೆ ಕಡೆ ಬರ್ತವೆ. ಗೂಡು ಕಂಡ್ರೆ ಅರಣ್ಯ ಇಲಾಖೆಗೆ ಹೇಳು, ಜಾಗದ ಹೆಸರು ಹಾಕಿ ಪೋಸ್ಟ್ ಮಾಡ್ಬೇಡ. ಜನರ ಫೋಟೋನೂ ಅಷ್ಟೇ, ಮನೆ ಕಳ್ಕೊಂಡವರ ಮುಂದೆ ಕ್ಯಾಮೆರಾ ಎತ್ತೋಕೆ ಮುಂಚೆ ಕೂತು ಮಾತಾಡು, ಕೇಳು, ಆಮೇಲೆ ಒಂದು ಪ್ರಿಂಟ್ ಹಾಕಿಸಿ ಅವರ ಕೈಗೆ ಕೊಡು. ನಾನು ಆ ಆಲ್ಬಂ ಅಮ್ಮನಿಗೆ ಈಗಲೂ ವರ್ಷಕ್ಕೊಂದು ಪ್ರಿಂಟ್ ಕೊಟ್ಟು ಬರ್ತೀನಿ.

ಕ್ಯಾಮೆರಾ ಕೇಳಿದ್ದೀಯ, ಸದ್ಯಕ್ಕೆ ನಿನ್ನ ಫೋನೇ ಸಾಕು, ಸಾಲ ಮಾಡಿ ಏನೂ ತಗೋಬೇಡ. ಜೂಮ್ ಮಾಡ್ಬೇಡ, ಪ್ರತಿ ಸಲ ಒಂದೇ ಲೆನ್ಸ್. ಫ್ರೇಮಲ್ಲಿ ಅಲ್ಲಾಡದ ಒಂದು ವಸ್ತು ಇರ್ಲಿ, ಕಂಬವೋ ಬಂಡೆಯೋ, ಮತ್ತೆ ಅಳತೆ ಗೊತ್ತಾಗೋಕೆ ಒಂದು ಮೀಟರ್ ಕೋಲು. ಮುಂದೆ ಕ್ಯಾಮೆರಾ ತಗೊಂಡಾಗ ಪೋಲರೈಸರ್ ಫಿಲ್ಟರ್ ಒಂದು ತಗೋ, ನೀರಿನ ಮೇಲಿನ ಹೊಳಪು ತೆಗೆದು ಒಳಗಿನ ಬಣ್ಣ ತೋರಿಸುತ್ತೆ. ಕಡಲಿಂದ ಬಂದ ದಿನಾನೇ ಸಿಹಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯಲ್ಲಿ ಕ್ಯಾಮೆರಾ ಒರೆಸು, ಉಪ್ಪು ಒಂದು ರಾತ್ರಿ ಕೂತ್ರೂ ತಿನ್ನೋಕೆ ಶುರು ಮಾಡುತ್ತೆ. ಡ್ರೋನ್ ಈಗಲೇ ಬೇಡ, ಕಾರವಾರದಲ್ಲಿ ನೌಕಾನೆಲೆ, ಪಣಂಬೂರಲ್ಲಿ ಬಂದರು, ಅಲ್ಲೆಲ್ಲ ಹಾರಿಸಿದ್ರೆ ತೊಂದರೆಗೆ ಸಿಕ್ಕಿಹಾಕ್ಕೋತೀಯ.

ಓದು ಮಾತ್ರ ಬಿಡಬೇಡ. ಮಂಗಳೂರು ವಿಶ್ವವಿದ್ಯಾಲಯದ ಮಂಗಳಗಂಗೋತ್ರಿಯಲ್ಲಿ ಸಾಗರ ಭೂವಿಜ್ಞಾನ ಇದೆ, ಕಾರವಾರದಲ್ಲಿ ಕಡಲ ಜೀವಶಾಸ್ತ್ರದ ವಿಭಾಗ ಇದೆ, ಮಂಗಳೂರಿನ ಮೀನುಗಾರಿಕೆ ಕಾಲೇಜು 1969ರಿಂದ ಇದೆ, ಗೋವಾದ ದೋನಾ ಪಾವ್ಲಾದಲ್ಲಿ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆ ಇದೆ. ಮಂಗಳಗಂಗೋತ್ರಿ, ಕಾರವಾರದಂಥ ಒಂದು ಕಡೆ ಎಂಎಸ್ಸಿ ಮುಗಿಸು. ದುಡ್ಡಿನ ವಿಷಯ ಮುಚ್ಚಿಡಲ್ಲ, ಬರೀ ಈ ಥರದ ಫೋಟೋದಿಂದ ಮನೆ ನಡೆಯಲ್ಲ, ನನಗೆ ಸರ್ವೆ ಕೆಲಸ ಬರುತ್ತೆ, ಜೊತೆಗೆ ಅಪ್ಪನ ಸ್ವಲ್ಪ ತೋಟ ಇದೆ, ಹಾಗೆ ನಡೀತಿದೆ. ವಿಜ್ಞಾನ ಗೊತ್ತಿದ್ರೆ ಕೆಲಸವೂ ಸಿಗುತ್ತೆ, ಫೋಟೋಕ್ಕೂ ಬೆಲೆ ಬರುತ್ತೆ.

ಶುರು ಮಾಡೋಕೆ ಕಡಲಿಗೆ ಹೋಗೋದೇ ಬೇಡ. 2019ರ ಆಗಸ್ಟಲ್ಲಿ ಚಾರ್ಮಾಡಿ ಕುಸಿದು ರಸ್ತೆ ಬಂದ್ ಆಗಿದ್ದು ನಿನಗೆ ನೆನಪಿರುತ್ತೆ, ಆ ಗುಡ್ಡದ ಮಣ್ಣು ಕಲ್ಲು ಮರಳೆಲ್ಲ ಕೆಳಗಿನ ಹೊಳೆಗಳಿಗೇ ಇಳಿದಿದ್ದು, ಇವತ್ತಿಗೂ ಒಂದೊಂದು ಮಳೆಗೆ ಸ್ವಲ್ಪ ಸ್ವಲ್ಪ ಮುಂದೆ ಹೋಗ್ತಾ ಇದೆ. ಘಾಟಿ ತಿರುವಲ್ಲಿ ಗಾಡಿ ನಿಲ್ಲಿಸಿ ಫೋಟೋ ತೆಗೆಯೋ ಸಾಹಸ ಬೇಡ, ಪೂರ್ತಿ ಇಳಿದು ಮುಂಡಾಜೆ ಕಡೆ ಹೊಳೆಗೆ ಒಂದು ಸೇತುವೆ ನೋಡ್ಕೋ, ನಡೆಯೋಕೆ ಜಾಗ ಇರೋದು. ಸೇತುವೆಯ ತಡೆಗಂಬಿ ಮೇಲೆ ಫೋನ್ ಇಡೋ ಜಾಗ ಗುರುತು ಮಾಡ್ಕೊಂಡು ತಿಂಗಳಿಗೊಂದು ಸಲ ಹೊಳೆಯ ಮೇಲ್ಭಾಗಕ್ಕೆ ಒಂದು, ಕೆಳಭಾಗಕ್ಕೆ ಒಂದು ಫೋಟೋ ತೆಗಿ. ನೀರಿನ ಬಣ್ಣ, ಮರಳು ದಿಬ್ಬ ಎಲ್ಲಿದೆ, ಯಾರಾದ್ರೂ ಮರಳು ಎತ್ತಿದ್ದಾರಾ, ಪೊದೆಗೆ ಎಷ್ಟು ಪ್ಲಾಸ್ಟಿಕ್ ಸಿಕ್ಕಿಹಾಕ್ಕೊಂಡಿದೆ, ಎಲ್ಲ ಒಂದು ನೋಟ್‌ಬುಕ್ಕಲ್ಲಿ ಬರಿ. ಜೂನಲ್ಲಿ ಮೊದಲನೇ ಕೆಂಪು ನೀರು ಬರೋ ದಿನ ತಪ್ಪಿಸಬೇಡ, ಅವತ್ತು ತೆಗೆದ ತಕ್ಷಣ ನನಗೊಂದು ಮೆಸೇಜ್ ಹಾಕು, ನಾನು ಉಳ್ಳಾಲದ ಅಳಿವೆ ಹತ್ರ ಹೋಗಿ ನಿಂತಿರ್ತೀನಿ, ಅದೇ ನೀರು ಕಡಲಿಗೆ ಬಂದು ಸೇರೋದನ್ನ ಈ ಕಡೆಯಿಂದ ನಾನು ತೆಗೀತೀನಿ.